ಅರಿಶಿನ ಇಡದ ಒಂದು ಲಡಿ

ಚಾಮರಾಜನಗರ

ಫಾರಿನ್‌ಗೆ ಹೋಗಿಬಂದವನು ಎಂದು ನಮ್ಮೂರಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನನ್ನನ್ನು ಈಗಲೂ ಬೆರಳು ಮಾಡಿ ತೋರಿಸುತ್ತಾರೆ. ಏನು ನೋಡಿದೆ ಮೇಸ್ತ್ರಿ ಎಂದು ಕೇಳಿದವರಿಗೆಲ್ಲ ಕರೆಂಟಿನ ಗಾಡಿಯ ಮೇಲೆ ನಿಂತು ಲಿಯಾನ್ ಪಟ್ಟಣ ಸುತ್ತಿದ ಕತೆ ಹೇಳುತ್ತೇನೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ನಾನೂ ಜೊತೆಗೆ ನಗುತ್ತೇನೆ. ಆದರೆ ಅದು ಅರ್ಧ ಕತೆ. ಉಳಿದರ್ಧವನ್ನು ಬಾಯಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದಿದವರು ದಯವಿಟ್ಟು ನಮ್ಮ ಪಕ್ಕದ ಹಳ್ಳಿ ಉಡಿಗಾಲದ ಕಡೆ ಹೋದಾಗ ಇದನ್ನು ಯಾರಿಗೂ ಓದಿ ಹೇಳಬೇಡಿ. ಯಾಕೆ ಎಂಬುದು ಕೊನೆಗೆ ನಿಮಗೇ ಗೊತ್ತಾಗುತ್ತದೆ.

ನಾನು ರೇಷ್ಮೆ ಬಿಚ್ಚಾಣಿಕೆ ಮೇಸ್ತ್ರಿ. ಹೆಸರು ಮಾದಪ್ಪ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಒಂದೊಂದರ ಎಳೆಯ ತುದಿ ಹುಡುಕಿ, ಎಂಟು ಹತ್ತು ಎಳೆ ಸೇರಿಸಿ ಒಂದು ನೂಲು ಮಾಡಿ ರಾಟೆಗೆ ಸುತ್ತುವುದು ನಮ್ಮ ಕೆಲಸ. ರಾಟೆಯಿಂದ ತೆಗೆದು, ತಿರುಚಿ ಕಟ್ಟಿದರೆ ಅದು ಲಡಿ. ಹೆಂಗಸರ ಜಡೆಯಷ್ಟು ದಪ್ಪ ಇರುತ್ತದೆ. ಮೂವತ್ತು ವರ್ಷ ಬಿಸಿನೀರಿಗೆ ಕೈ ಇಟ್ಟು ನನ್ನ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿವೆ. ಹುಳದ ವಾಸನೆ ಎಷ್ಟು ಸೋಪು ಹಾಕಿದರೂ ಹೋಗುವುದಿಲ್ಲ.

ನಮ್ಮ ಜಿಲ್ಲೆ ಬೇರೆಯಾಗಿ ಹತ್ತು ವರ್ಷದ ಮೇಲಾಗಿತ್ತು. ಉಡಿಗಾಲದ ದಾರಿಯಲ್ಲಿದ್ದ ನಮ್ಮ ಶೆಡ್ಡಿನಲ್ಲಿ ಇಪ್ಪತ್ತೆರಡು ಹೆಂಗಸರು ಕೆಲಸ ಮಾಡುತ್ತಿದ್ದರು. ಚೀನಾ ನೂಲು ಬಂದ ಮೇಲೆ ನಮ್ಮ ನೂಲನ್ನು ಕೇಳುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಕಡೆಗೆ ಶೆಡ್ಡು ನಡೆಸುತ್ತಿದ್ದ ಸೊಸೈಟಿಯವರು ಮೀಟಿಂಗ್ ಮಾಡಿ, ದಸರಾದೊಳಗೆ ಹೊರದೇಶದ ಆರ್ಡರು ಸಿಗದಿದ್ದರೆ ಶೆಡ್ಡಿಗೆ ಬೀಗ ಎಂದು ಬರೆದು ಎಲ್ಲರ ಸಹಿ ಹಾಕಿಸಿಕೊಂಡರು. ನಾನೂ ಹಾಕಿದೆ.

ಬೆಂಗಳೂರಿನ ಒಂದು ವಸ್ತುಪ್ರದರ್ಶನದಲ್ಲಿ ಲಿಯಾನಿನ ನೇಯ್ಗೆ ಕಂಪನಿಯ ಹೆಂಗಸೊಬ್ಬರು ನಮ್ಮ ಬಿಳಿ ನೂಲನ್ನು ಮುಟ್ಟಿ ನೋಡಿ, ಜೂನ್ ತಿಂಗಳಲ್ಲಿ ವರ್ಷದ ಖರೀದಿ ತೀರ್ಮಾನ ಮಾಡುತ್ತೇವೆ, ನೂಲು ತೆಗೆಯುವವರೇ ಮಾದರಿ ಹಿಡಿದುಕೊಂಡು ಬರಲಿ ಎಂದಿದ್ದರು. ಸರ್ಕಾರದ ಯಾವುದೋ ಯೋಜನೆಯಲ್ಲಿ ಇಬ್ಬರಿಗೆ ಟಿಕೆಟ್ಟೂ ಆಯಿತು. ನಾನು ಮತ್ತು ನಂಜುಂಡ. ನಂಜುಂಡ ಗುಂಡ್ಲುಪೇಟೆಯವನು, ಸೊಸೈಟಿಯ ಕಾಗದಪತ್ರ ನೋಡಿಕೊಳ್ಳುತ್ತಿದ್ದ. ಮಲಯಾಳಿಗಳ ಜೊತೆ ಮಲಯಾಳ, ಆಫೀಸಿನವರ ಜೊತೆ ಇಂಗ್ಲಿಷು, ಯಾವುದಕ್ಕೂ ಹೆದರದ ಆಳು.

ಇಪ್ಪತ್ತೆರಡು ಹೆಂಗಸರೂ ಆರಿಸಿದ ದ್ವಿತಳಿ ಗೂಡಿನಿಂದ ಒಬ್ಬೊಬ್ಬರು ಒಂದೊಂದು ಲಡಿ ತೆಗೆದರು. ನಮ್ಮ ನಾಡಿನ ಮಾಮೂಲಿ ಗೂಡು ಹಳದಿ. ಇದು ಹಾಲಿನಂಥ ಬಿಳುಪು. ನನ್ನ ಕೈ ಇನ್ನೂ ಮೊದಲಿನಂತೆಯೇ ಇದೆಯೇ ನೋಡೋಣ ಎಂದು ನಾನೂ ಒಂದು ಲಡಿ ತೆಗೆದೆ. ಇಪ್ಪತ್ಮೂರಾಯಿತು. ಹೊರಡುವ ದಿನ ಬೆಳಿಗ್ಗೆ ಎಲ್ಲವನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟು ಕಾಯಿ ಒಡೆದರು. ನಂಜುಂಡ ಗೋಪಾಲಸ್ವಾಮಿ ಬೆಟ್ಟದಿಂದ ತುಳಸಿ ತಂದಿದ್ದ. ಅಷ್ಟರಲ್ಲಿ ಎಲ್ಲರಿಗಿಂತ ಹಿರಿಯಳಾದ ಉಡಿಗಾಲದ ದೊಡ್ಡತಾಯವ್ವ ಅರಿಶಿನದ ಬಟ್ಟಲಿಗೆ ಬೆರಳು ಅದ್ದಿದಳು.

‘ನೂಲ್ಗೆ ಅರಿಸ್ನ ಇಕ್ಬೇಡ ಕಣವ್ವ, ಕಲೆ ಆಯ್ತದೆ’ ಎಂದೆ.

‘ಒಂದ್ ಚುಕ್ಕಿ ಕಣ ಮೇಸ್ತ್ರಣ್ಣ. ಮದುವೆ ಎಣ್ಣ ಅರಿಸ್ನ ಇಕ್ದೆ ಕಳ್ಸಾರಾ ಯಾರಾರೂವ? ಅಷ್ಟ್ ದೂರ ಓಯ್ತಾ ಅದೆ’ ಎಂದು ತನ್ನ ಲಡಿಯ ಗಂಟಿನ ಮೇಲೆ ಚುಕ್ಕಿ ಇಟ್ಟಳು.

ಅವಳು ಇಟ್ಟ ಮೇಲೆ ಇನ್ನೊಬ್ಬಳು ಬಿಡುತ್ತಾಳೆಯೇ? ನಂದು, ನಂದು ಎಂದು ಇಪ್ಪತ್ತೆರಡು ಲಡಿಗೂ ಆಯಿತು. ಆ ಹೆಂಗಸರನ್ನು ನಾನು ಬೈಯದ ದಿನವಿಲ್ಲ. ಕೈ ಒರೆಸಿಕೊಳ್ಳಿ, ಎಳೆ ತುಂಡಾಯಿತು ನೋಡಿ, ಮಾತು ನಿಲ್ಲಿಸಿ ಎಂದು ಒದರಿದ್ದೇ ಒದರಿದ್ದು. ಆ ದಿನ ಮಾತ್ರ ಅವರ ಮುಖ ನೋಡಿ ಗದರುವ ಮನಸ್ಸು ಬರಲಿಲ್ಲ. ಬಟ್ಟಲು ನನ್ನ ಹತ್ತಿರ ಬಂದಾಗ ಮಾತ್ರ ನನ್ನ ಲಡಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ‘ನಂದುಕ್ಕೆ ಬೇಡ ಬುಡವ್ವ’ ಎಂದೆ. ದೊಡ್ಡತಾಯವ್ವ ಮೂತಿ ತಿರುವಿದಳು. ನನ್ನದನ್ನು ಒಗೆದ ಪಂಚೆಯಲ್ಲಿ ಸುತ್ತಿ ಬೇರೆ ಚೀಲಕ್ಕೆ ಹಾಕಿಕೊಂಡೆ. ಇದು ಜಾಣತನ ಎಂದುಕೊಂಡಿದ್ದೆ.

ನೇಯ್ಗೆಯವರ ಮನೆ

ವಿಮಾನದ ಬಗ್ಗೆ ಬರೆಯುವುದಕ್ಕೆ ಏನಿಲ್ಲ. ಪಕ್ಕದ ಸೀಟಿನವರು ಎರಡು ಸಲ ಮೂಗು ಎಳೆದುಕೊಂಡು ಆಚೀಚೆ ನೋಡಿದರು. ನಾನು ಕೈ ಎರಡನ್ನೂ ಕಂಬಳಿಯೊಳಗೆ ಬಚ್ಚಿಟ್ಟುಕೊಂಡು ಕೂತೆ.

ಲಿಯಾನಿನಲ್ಲಿ ಎರಡು ನದಿಗಳು ಊರಿನ ನಡುವೆಯೇ ಹರಿಯುತ್ತವೆ. ಎರಡರಲ್ಲೂ ದಡದ ತುಂಬ ನೀರು. ನಮ್ಮ ಸುವರ್ಣಾವತಿ ಹೊಳೆಯ ಒಣ ಮರಳು ನೆನಪಾಗಿ ಹೊಟ್ಟೆ ಉರಿಯಿತು. ನಾಯಿಗಳು ಹೋಟೆಲಿನ ಒಳಗೆ ಮೇಜಿನ ಕೆಳಗೆ ಮಲಗಿರುತ್ತವೆ, ಯಾರೂ ಹಚಾ ಎನ್ನುವುದಿಲ್ಲ. ಊಟ ಮಾಡುವವರು ಬೀದಿಯಲ್ಲೇ ಕುರ್ಚಿ ಹಾಕಿಕೊಂಡು, ಎದುರುಬದುರು ಕೂರದೆ ಎಲ್ಲರೂ ರಸ್ತೆಗೆ ಮುಖ ಮಾಡಿ ಕೂರುತ್ತಾರೆ. ನಾವು ರಸ್ತೆ ದಾಟಲು ನಿಂತರೆ ಕಾರುಗಳೇ ನಿಂತುಬಿಡುತ್ತಿದ್ದವು. ಮೊದಲ ಸಲ ನಾನೂ ನಂಜುಂಡನೂ, ಅವರು ಹೋಗಲಿ ಎಂದು ನಾವು, ನಾವು ಹೋಗಲಿ ಎಂದು ಅವರು, ಬಹಳ ಹೊತ್ತು ಹಾಗೇ ನಿಂತಿದ್ದೆವು.

ಬೆಂಗಳೂರಿಗೆ ಬಂದಿದ್ದ ಆ ಹೆಂಗಸು ಬಿಳಿ ಕೂದಲಿನವರು, ತೆಳ್ಳಗೆ, ನಗುಮುಖ. ಮೇಡಂ ಎಂದೇ ಬರೆಯುತ್ತೇನೆ. ಅವರ ಕಂಪನಿಯಲ್ಲಿ ಪೆಟ್ಟಿಗೆ ಬಿಚ್ಚಿದೆವು. ಮುಂಗಾರಿನ ಥಂಡಿಯಲ್ಲಿ ಒತ್ತಿಕೊಂಡು ಬಂದ ಲಡಿಗಳಲ್ಲಿ ಚುಕ್ಕಿ ಚುಕ್ಕಿಯಾಗಿ ಉಳಿದಿರಲಿಲ್ಲ. ಹಳದಿ ಒಂದರಿಂದ ಒಂದಕ್ಕೆ ಹತ್ತಿ ಹರಡಿತ್ತು. ಮೇಡಂ ನಮ್ಮನ್ನು ಪರೀಕ್ಷೆಯ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬಾತ ಲಡಿಗಳಿಂದ ಒಂದೊಂದು ಗೇಣು ಕತ್ತರಿಸಿ, ನೂಲಿನ ಗೋಂದು ಬಿಡಿಸಲು ಪಿಂಗಾಣಿ ಬೋಗುಣಿಯಲ್ಲಿ ಸಾಬೂನು ನೀರು ಕಾಯಿಸಿ ಅದರಲ್ಲಿ ಅದ್ದಿದ.

ನೀರು ಕೆಂಪಾಯಿತು. ಅರಿಶಿನಕ್ಕೆ ಸುಣ್ಣವಾಗಲಿ ಸಾಬೂನಾಗಲಿ ಬಿದ್ದರೆ ಏನಾಗುತ್ತದೆಂದು ನಮ್ಮ ಕಡೆ ಮಗುವಿಗೂ ಗೊತ್ತು. ಬೋಗುಣಿಯಲ್ಲಿ ಇದ್ದದ್ದು ಥೇಟು ಆರತಿ ನೀರು. ಮದುಮಕ್ಕಳಿಗೆ, ಬಾಣಂತಿಗೆ, ದೂರದಿಂದ ಬಂದವರಿಗೆ ದೃಷ್ಟಿ ತೆಗೆದು ಬಾಗಿಲಾಚೆ ಚೆಲ್ಲುವ ನೀರು. ಬೇರೆ ಎಲ್ಲಾದರೂ ಆಗಿದ್ದರೆ ಕೈ ಮುಗಿಯುತ್ತಿದ್ದೆ. ಆ ಮನುಷ್ಯ ಗಾಬರಿಯಿಂದ ರಕ್ತವೇ ಎಂದು ಕೇಳಿದನಂತೆ.

ನಂಜುಂಡ ತನಗೆ ಬಂದ ಇಂಗ್ಲಿಷಿನಲ್ಲಿ ಅರಿಶಿನ, ಪೂಜೆ, ಇಪ್ಪತ್ತೆರಡು ಹೆಂಗಸರು ಎಲ್ಲ ವಿವರಿಸಿದ. ಮೇಡಂ ಬಹಳ ಗಮನವಿಟ್ಟು ಕೇಳಿದರು. ಆಮೇಲೆ ನಿಧಾನವಾಗಿ ಏನೋ ಹೇಳಿದರು.

‘ಏನಂತ್ಲಾ?’ ಎಂದೆ.

‘ಕೇಳಾಕ್ ಚೆಂದಾಗದೆ ಅಂತಾರೆ ಕಣಣ್ಣ. ಆದ್ರೆ ಬಣ್ಣದ ಕಡಾಯ್ಗೆ ಓಗಾ ನೂಲಲ್ಲಿ ಏನೂ ಇರ್ಕೂಡ್ದಂತೆ. ಒಂದೇ ಒಂದು ಸುದ್ದವಾಗಿರಾ ಲಡಿ ಸಿಕ್ಕುದ್ರೂ ಸಾಕು, ಅದ್ನ ನೋಡ್ಬುಟ್ಟು ಆರ್ಡ್ರು ಯೋಳ್ತೀನಿ ಅಂತಾರೆ.’

ನನ್ನದಿತ್ತು. ಪಂಚೆಯೊಳಗೆ, ರೂಮಿನಲ್ಲಿ. ಕುಣಿದಾಡುವಂತಾಯಿತು. ಆದರೆ ಆ ಕೋಣೆಗೆ ಬೀಗ ಹಾಕುವ ಹೊತ್ತಾಗಿತ್ತು. ಮರುದಿನ ಬೆಳಿಗ್ಗೆ ಬೇರೆಯವರ ನೂಲಿನ ಸರದಿ. ನಮಗೆ ಮಧ್ಯಾಹ್ನ ನಾಲ್ಕು ಗಂಟೆ ಎಂದರು. ನಿಮಗೆ ಬೇಜಾರಾಗಬಾರದೆಂದು ಬೆಳಿಗ್ಗೆ ಊರು ತೋರಿಸಲು ಏರ್ಪಾಡು ಮಾಡಿದ್ದೇನೆ, ಒಬ್ಬ ಹುಡುಗಿ ಕರೆಂಟಿನ ಗಾಡಿಯಲ್ಲಿ ಕರೆದುಕೊಂಡು ಹೋಗಿ ನಾಲ್ಕಕ್ಕೆ ಇಲ್ಲಿಗೇ ತಂದುಬಿಡುತ್ತಾಳೆ ಎಂದೂ ಹೇಳಿದರು. ಊರು ನೋಡುವ ಮನಸ್ಸು ನನಗಿರಲಿಲ್ಲ. ಬೇಡ ಎಂದರೆ ಬೇಸರ ಮಾಡಿಕೊಂಡಾರೆಂದು ತಲೆ ಆಡಿಸಿದೆ.

ಕೆಂಪು ಮಣ್ಣಿನ ಚೌಕ

ಬೆಳಿಗ್ಗೆ ಹೊರಡುವಾಗ ನಂಜುಂಡ, ‘ಲಡಿಯ ಈಗ್ಲೇ ಕೊಟ್ಬುಟ್ಟು ಓಗನ ಕಣಣ್ಣ, ಯಾಕ್ ಒತ್ಕಂಡ್ ತಿರುಗ್ಬೇಕು’ ಎಂದ.

‘ಬೇಡ ಕಣ್ಲಾ. ನನ್ ಕೈಯಾರೆ ಕೊಡ್ತೀನಿ. ನನ್ ಕಣ್ಣೆದ್ರುಗೇ ಆಗ್ಲಿ’ ಎಂದೆ.

ಆ ಕೆಂಪು ನೀರು ಕಂಡ ಮೇಲೆ ನನಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ರೂಮಿನಲ್ಲಿ ಬಿಟ್ಟರೆ ಗುಡಿಸುವವರು ಎತ್ತಿ ಎಸೆದುಬಿಟ್ಟರೆ ಎಂಬ ಭಯ ಬೇರೆ. ಪಂಚೆ ಸಮೇತ ಬಟ್ಟೆ ಚೀಲಕ್ಕೆ ಹಾಕಿ ಹೆಗಲಿಗೆ ನೇತುಹಾಕಿಕೊಂಡೆ.

ಊರ ನಡುವೆ ದೊಡ್ಡ ಚೌಕ. ಕುದುರೆ ಮೇಲೆ ಕೂತ ಯಾರೋ ರಾಜನ ವಿಗ್ರಹ. ನೆಲವೆಲ್ಲ ಕೆಂಪು ಮಣ್ಣು, ನಮ್ಮ ಹೊಲದ್ದೇ ಬಣ್ಣ. ಅಷ್ಟು ಒಳ್ಳೆಯ ಮಣ್ಣನ್ನು ಏನೂ ಬೆಳೆಯದೆ ಬಿಟ್ಟಿದ್ದಾರಲ್ಲ ಎನ್ನಿಸಿತು. ಅಲ್ಲಿ ಕ್ಲೇರ್ ಎಂಬ ಹುಡುಗಿ ಮೂರು ಗಾಡಿ ನಿಲ್ಲಿಸಿಕೊಂಡು ಕಾದಿದ್ದಳು. ಅಂಥ ಗಾಡಿ ನಾನು ಕಂಡಿರಲಿಲ್ಲ. ಎರಡು ಚಕ್ರ, ಆದರೆ ಒಂದರ ಹಿಂದೆ ಒಂದಲ್ಲ, ಅಕ್ಕಪಕ್ಕ. ನಡುವೆ ನಿಲ್ಲಲು ಒಂದು ಹಲಗೆ, ಹಿಡಿದುಕೊಳ್ಳಲು ಒಂದು ಕಂಬ. ಸೀಟಿಲ್ಲ, ಬ್ರೇಕಿಲ್ಲ, ಹೊಗೆ ಇಲ್ಲ, ಸದ್ದೂ ಇಲ್ಲ.

ನಾನು ಚಪ್ಪಲಿ ಬಿಟ್ಟು, ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದೆ. ಹೊಸ ಗಾಡಿ ಎಂದ ಮೇಲೆ ಹಾಗೆ ತಾನೆ ಹತ್ತುವುದು. ಕ್ಲೇರ್ ಕೆಳಗಿಳಿಸಿ ಚಪ್ಪಲಿ ಹಾಕಿಸಿದಳು. ತಲೆಗೆ ಹೆಲ್ಮೆಟ್ಟು ಕಟ್ಟಿದಳು. ನಂಜುಂಡ, ‘ಒಂದ್ ನಿಂಬೆಅಣ್ಣಿದ್ದಿದ್ರೆ ಚಕ್ರುದ್ ಕೆಳ್ಗೆ ಇಕ್ಬೋದಾಗಿತ್ತು’ ಎಂದು ನಗುತ್ತಿದ್ದ. ಅವಳು ಹೇಳಿಕೊಟ್ಟದ್ದನ್ನೆಲ್ಲ ಅವನೇ ನನಗೆ ಹೇಳಿದ.

‘ಮುಂದಕ್ ಬಗ್ಗುದ್ರೆ ಓಯ್ತದಂತೆ. ಇಂದಕ್ ವಾಲುದ್ರೆ ನಿಲ್ತದಂತೆ. ನೀನು ಎತ್ತಗ್ ವಾಲ್ತೀಯೋ ಅತ್ತಗೇ ಅದು. ಅಷ್ಟೇ ಕಣಣ್ಣ ವಿದ್ಯೆ.’

ಅಷ್ಟೇ ವಿದ್ಯೆ ಕಲಿಯಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ನಿಂತರೂ ನಡುಗುತ್ತದೆ, ಹೆದರಿ ಮುಂದೆ ವಾಲಿದರೆ ಓಡುತ್ತದೆ, ಅದರಿಂದ ಇನ್ನೂ ಹೆದರಿಕೆಯಾಗುತ್ತದೆ. ಎರಡು ಸಲ ರಾಜನ ಸುತ್ತ ನನ್ನನ್ನು ಅದೇ ಸುತ್ತಿಸಿತು. ನಂಜುಂಡ ಆಗಲೇ ಹಳೆಯ ಸವಾರನ ಹಾಗೆ ಒಂದು ಕೈ ಬಿಟ್ಟು ಓಡಾಡುತ್ತಿದ್ದ. ಹೆಗಲಿನ ಚೀಲ ಅಲ್ಲಾಡಿ ತೂಕ ತಪ್ಪುತ್ತಿದೆ ಎಂದು ಕ್ಲೇರ್ ಅದನ್ನು ತೆಗೆದು ಹಿಡಿಯ ಕಂಬಕ್ಕೆ ನೇತುಹಾಕಿದಳು. ನಾನು ಬೇಡ ಅನ್ನಲಿಲ್ಲ. ಕಣ್ಣ ಮುಂದೆಯೇ ಇರುತ್ತದಲ್ಲ ಎಂದುಕೊಂಡೆ.

ಹೊರಟೆವು. ನದಿ ದಾಟಿ, ಕಲ್ಲು ಹಾಸಿದ ಹಳೆಯ ಬೀದಿಗಳಲ್ಲಿ, ಮುಂದೆ ಕ್ಲೇರ್, ನಡುವೆ ನಾನು, ಹಿಂದೆ ನಂಜುಂಡ. ಅವಳು ಅಲ್ಲಲ್ಲಿ ನಿಂತು ಇದು ಇಷ್ಟು ವರ್ಷದ ಬಾಗಿಲು, ಅದು ಅಷ್ಟು ವರ್ಷದ ಕಿಟಕಿ ಎಂದು ತೋರಿಸುತ್ತಿದ್ದಳು. ಹೆಲ್ಮೆಟ್ ಹಾಕಿಕೊಂಡ ಇಬ್ಬರು ಕರಿ ಗಂಡಸರು ನಿಂತ ನಿಲುವಿನಲ್ಲೇ ತೇಲಿಕೊಂಡು ಹೋಗುತ್ತಿದ್ದರೆ ನಮ್ಮೂರ ಸಂತೇಮಾಳದಲ್ಲಿ ಅರ್ಧ ಊರು ಹಿಂದೆ ಓಡಿಬರುತ್ತಿತ್ತು. ಅಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಯಾವೂರು, ಎಲ್ಲಿಗೆ, ಊಟ ಆಯಿತಾ ಎಂದು ಯಾರೂ ಕೇಳದ ಊರಿನಲ್ಲಿ ಮನುಷ್ಯ ಇದ್ದೂ ಇಲ್ಲದ ಹಾಗೆ. ಮೂರು ದಿನದಲ್ಲಿ ನನಗೆ ಅದೇ ಹೆಚ್ಚು ಕಾಡಿದ್ದು.

ಬೆಟ್ಟದ ಮೇಲೆ

ಪಟ್ಟಣಕ್ಕೆ ತಲೆದಿಂಬು ಇಟ್ಟಂತೆ ಒಂದು ಬೆಟ್ಟ. ಗಾಡಿಗಳು ಏದುಸಿರು ಬಿಡದೆ ಹತ್ತಿದವು. ಮೇಲೆ ದೊಡ್ಡ ಬಿಳಿ ಚರ್ಚು, ಅದರ ಪಕ್ಕದ ಗೋಪುರದ ತುದಿಯಲ್ಲಿ ಚಿನ್ನದ ಬಣ್ಣದ ತಾಯಿ, ಊರಿನ ಕಡೆ ಎರಡೂ ಕೈ ಚಾಚಿ ನಿಂತಿದ್ದಾಳೆ. ಕೆಳಗೆ ಎರಡು ನದಿ, ಕೆಂಪು ಹೆಂಚಿನ ಸಾವಿರಾರು ಮನೆ. ತಣ್ಣಗೆ ಗಾಳಿ ಬೀಸುತ್ತಿತ್ತು. ಗೋಪಾಲಸ್ವಾಮಿ ಬೆಟ್ಟದಲ್ಲಿ ಬಸ್ಸಿಳಿದ ಕೂಡಲೇ ಮುಖಕ್ಕೆ ಹೊಡೆಯುವ ಆ ಥಂಡಿಯೇ ನೆನಪಾಯಿತು.

ಒಂದು ಕಾಲದಲ್ಲಿ ಊರಿಗೆ ಕಾಯಿಲೆ ಬಂದಾಗ ಜನ ಈ ತಾಯಿಗೆ ಹರಕೆ ಹೊತ್ತಿದ್ದರೆಂದು ಕ್ಲೇರ್ ಹೇಳಿದಳು. ನಂಜುಂಡ ಅದನ್ನು ನಮ್ಮ ಮಾತಿನಲ್ಲಿ, ‘ನಮ್ ಮಾರಮ್ಮುನ್ ತರಾನೇ ಕಣಣ್ಣ, ಕೇಳ್ಕಂಡುದ್ನ ನಡ್ಸ್ಕೊಡ್ತಾಳಂತೆ’ ಎಂದ.

ಕೇಳಿಕೊಳ್ಳುವುದು ನನ್ನ ಹತ್ತಿರ ಒಂದೇ ಇತ್ತು. ಗಾಡಿಯ ಮೇಲೆ ನಿಂತಿದ್ದೇನೆಂಬುದೇ ಮರೆತುಹೋಯಿತು. ಹಿಡಿ ಬಿಟ್ಟೆ, ಕೈ ಜೋಡಿಸಿದೆ, ಕಣ್ಣು ಮುಚ್ಚಿದೆ. ತಾಯೀ, ಆ ಇಪ್ಪತ್ತೆರಡು ಜನರ ಕೈ ಬಿಡಬೇಡ ಎಂದು ತಲೆ ಬಾಗಿಸಿ ನಮಸ್ಕಾರ ಮಾಡಿದೆ.

ಮುಂದಕ್ಕೆ ಬಗ್ಗಿದರೆ ಹೋಗುತ್ತದೆ. ಹೋಯಿತು. ಕಣ್ಣು ಬಿಡುವುದರೊಳಗೆ ಹೂವಿನ ಪಾತಿಯ ಕಲ್ಲಿನ ಅಂಚಿಗೆ ಗುದ್ದಿ ನಾನೊಂದು ಕಡೆ, ಗಾಡಿ ಒಂದು ಕಡೆ ಬಿದ್ದಿದ್ದೆವು. ಮೊಣಕೈಯ ಚರ್ಮ ಕಿತ್ತುಹೋಗಿತ್ತು. ಅದು ಏನೂ ಅಲ್ಲ. ಮಗ್ಗುಲಿಗೆ ಬಿದ್ದ ಗಾಡಿಯ ಚಕ್ರ ಇನ್ನೂ ಗಿರಗಿರನೆ ತಿರುಗುತ್ತಿತ್ತು. ಕಂಬದಿಂದ ಕಿತ್ತುಬಂದ ಚೀಲದ ಬಾಯಿ ತೆರೆದು, ಪಂಚೆ ಆಚೆಗೆ ಹಾರಿ, ನನ್ನ ಲಡಿಯ ಒಂದು ಮಡಿಕೆ ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಸಿಕ್ಕಿತ್ತು. ಮೂವತ್ತು ವರ್ಷ ನಾನು ನೂಲನ್ನು ರಾಟೆಗೆ ಸುತ್ತಿದೆ. ಆ ಚಕ್ರ ನನ್ನ ಕಣ್ಣೆದುರಿಗೆ ಅಷ್ಟನ್ನೂ ಉಸಿರು ಎಳೆದು ಬಿಡುವಷ್ಟರಲ್ಲಿ ಸುತ್ತಿಕೊಂಡಿತು.

ಕ್ಲೇರ್ ಓಡಿಬಂದು ಗಾಡಿ ನಿಲ್ಲಿಸಿದಳು. ನನ್ನ ಮೊಣಕೈ ನೋಡಿ ಔಷಧಿ ಪೆಟ್ಟಿಗೆ ತೆಗೆದಳು. ನಾನು ಚಕ್ರದ ಹತ್ತಿರ ಕೂತುಬಿಟ್ಟಿದ್ದೆ. ಪಾಪದ ಹುಡುಗಿ, ಸಹಾಯ ಮಾಡಲೆಂದು ನೂಲಿಗೆ ಕೈ ಹಾಕಿ ಎಳೆದಳು. ‘ಎಳೀಬ್ಯಾಡ ಕಣಮ್ಮಿ, ತುದಿ ಉಡುಕ್ಬೇಕು’ ಎಂದೆ. ಅವಳಿಗೆ ಕನ್ನಡ ಬರುವುದಿಲ್ಲ. ಆದರೂ ಕೈ ತೆಗೆದಳು.

ತುದಿ ಹುಡುಕುವುದೊಂದೇ ನನಗೆ ಬರುವ ಕೆಲಸ. ಅಲ್ಲೇ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿಕೊಂಡು ಒಂದು ಗಂಟೆ ಹುಡುಕಿದೆ. ಸಿಕ್ಕಿದ ತುದಿಯೆಲ್ಲ ಗೇಣುದ್ದಕ್ಕೆ ತುಂಡು. ಕಪ್ಪು ಗ್ರೀಸು ನೂಲಿನೊಳಗೆ ಇಳಿದಿತ್ತು. ಸುತ್ತ ಊರು ನೋಡಲು ಬಂದವರು ನಿಂತರು. ಲಿಯಾನಿನಲ್ಲಿ ನನ್ನ ಕಡೆ ಜನ ತಿರುಗಿ ನೋಡಿದ್ದು ಅದೇ ಮೊದಲು. ಒಬ್ಬರು ಫೋಟೋ ತೆಗೆದುಕೊಂಡರು. ನಂಜುಂಡ ಹತ್ತಿರ ಬಂದು ಕೂತು, ತುಂಡಾದ ಎಳೆಗಳನ್ನು ಆಯ್ದು ಅಂಗೈಗೆ ಹಾಕಿಕೊಳ್ಳುತ್ತಿದ್ದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಮಗ್ಗದ ಮುದುಕ

ಎದುರಿನ ಗುಡ್ಡದಲ್ಲಿ ಒಬ್ಬ ಹಳೆಯ ನೇಕಾರ ಇದ್ದಾನೆ, ಹೇಗೂ ನಮ್ಮ ಸುತ್ತಾಟದ ಕೊನೆಯ ಜಾಗ ಅದೇ, ಅವನು ಏನಾದರೂ ಮಾಡಬಹುದು ಎಂದು ಕ್ಲೇರ್ ಹೇಳಿದಳು. ನಾನು ಮತ್ತೆ ಆ ಗಾಡಿ ಹತ್ತಲಿಲ್ಲ. ಅವಳು ಮೂರು ಗಾಡಿಯನ್ನೂ ಅಲ್ಲೇ ಬೀಗ ಹಾಕಿ ನಿಲ್ಲಿಸಿ, ನಮ್ಮ ಜೊತೆ ಬಸ್ಸಿನಲ್ಲಿ ಬಂದಳು. ಸುತ್ತಿಕೊಂಡ ಲಡಿಯನ್ನು ಕತ್ತರಿಯಿಂದ ಬಿಡಿಸಿಕೊಂಡು ಪಂಚೆಯಲ್ಲಿ ಕಟ್ಟಿ ಮಡಿಲಲ್ಲಿ ಇಟ್ಟುಕೊಂಡಿದ್ದೆ.

ಆ ಗುಡ್ಡದ ತುಂಬ ಹಿಂದೆ ಮಗ್ಗದವರೇ ಇದ್ದರಂತೆ. ಎತ್ತರದ ಮಗ್ಗ ನಿಲ್ಲಲೆಂದು ಮನೆಗಳ ಮಾಳಿಗೆಯೂ ಎತ್ತರ. ಮನೆಯಿಂದ ಮನೆಗೆ ಒಳಗಿಂದೊಳಗೇ ದಾರಿ, ಬಟ್ಟೆ ಹೊತ್ತು ಹೋಗುವಾಗ ಮಳೆಗೆ ನೆನೆಯಬಾರದೆಂದು. ರೇಷ್ಮೆ ನೆನೆಯಬಾರದೆಂದು ಊರನ್ನೇ ಹಾಗೆ ಕಟ್ಟಿದ ಜನ ಎಂದರೆ ನಮ್ಮವರೇ ಅನ್ನಿಸಿತು. ಈಗ ಆ ಮನೆಗಳಲ್ಲಿ ಬೇರೆ ಯಾರೋ ಇದ್ದಾರೆ. ಒಂದೇ ಒಂದು ಮಗ್ಗ ಉಳಿದಿತ್ತು. ಎದುರಿಗೆ ಹಗ್ಗ ಕಟ್ಟಿ, ನೋಡುವವರಿಗೆ ಬೆಂಚು ಹಾಕಿದ್ದರು. ಒಬ್ಬ ಮುದುಕ, ಜನ ಬಂದಾಗ ಎದ್ದು ನಾಲ್ಕು ಎಳೆ ನೇಯ್ದು ತೋರಿಸಿ ಮತ್ತೆ ಕೂರುತ್ತಿದ್ದ.

ಪಂಚೆ ಬಿಚ್ಚಿ ಅವನ ಮುಂದೆ ಇಟ್ಟೆ. ಮೊದಲು ನೂಲನ್ನು ನೋಡಲಿಲ್ಲ, ನನ್ನ ಬೆರಳು ನೋಡಿದ. ಕೈ ಹಿಡಿದು ಮಗುಚಿ, ಸುಕ್ಕು ಸವರಿ, ಏನೋ ಅಂದ. ಕ್ಲೇರ್ ಇಂಗ್ಲಿಷಿಗೆ, ನಂಜುಂಡ ಕನ್ನಡಕ್ಕೆ ತಂದರು.

‘ಅವ್ರವ್ವುಂದೂ ಇಂಗೇ ಇತ್ತಂತೆ ಕಣಣ್ಣ ಕೈಯಿ. ಗೂಡ್ ಬೇಯ್ಸಾ ಮನೇಲಿ ಗೆಯ್ತಿದ್ಲಂತೆ. ಇವ್ರು ಸಣ್ಣೋರಾಗಿದ್ದಾಗ್ಲೇ ಮುಚ್ಚೋಯ್ತಂತೆ ಅದು.’

ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು, ಗ್ರೀಸು ತಾಗದ ಒಂದು ಎಳೆಯನ್ನು ಎಳೆದು ನೋಡಿದ. ನಾನೂ ಹಾಗೇ ನೋಡುವುದು. ಕಿಟಕಿಯ ಬೆಳಕಿಗೆ ಹಿಡಿದ, ಕಿವಿಯ ಹತ್ತಿರ ಇಟ್ಟು ಮಿಡಿದ. ತಲೆ ಆಡಿಸಿ ಮೂರು ಮಾತು ಹೇಳಿದ.

‘ಬೋ ಚೆಂದಾಗದಂತೆ ನೂಲು’ ಎಂದ ನಂಜುಂಡ. ‘ಇಂಥುದ್ನ ಮುಟ್ಟಿ ಬೋ ದಿನ ಆಯ್ತಂತೆ.’

‘ಸಿಕ್ಕು ಬಿಡ್ಸಕ್ ಆಯ್ತದಾ ಕೇಳ್ಲಾ.’

ನಂಜುಂಡ ಕೇಳಲಿಲ್ಲ. ಮುದುಕನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಿಮ್ಮಲ್ಲಿ ಇನ್ನೂ ಎಷ್ಟು ಜನ ಇದ್ದೀರಿ ಎಂದು ಮುದುಕ ಕೇಳಿದ. ಎರಡು ಕೈ ಬೆರಳನ್ನೂ ಎರಡು ಸಲ ತೋರಿಸಿ, ಮತ್ತೆ ಎರಡು ಬೆರಳು ಎತ್ತಿದೆ. ಅವನು ತನ್ನ ಕಡೆ ತೋರಿಸಿಕೊಂಡು ಒಂದು ಬೆರಳು ಎತ್ತಿದ. ಅಷ್ಟರಲ್ಲಿ ಬೇರೆ ಗುಂಪು ಬಂತು. ಅವನು ಎದ್ದು ಹೋಗಿ ಮಗ್ಗ ಹಿಡಿದ. ಅವರು ಕ್ಯಾಮೆರಾ ತೆಗೆದರು. ನಾವೂ ಹೀಗೇ ಹಗ್ಗದ ಆಚೆ ಕೂರುವ ದಿನ ಬರುತ್ತದೆ ಎಂದುಕೊಂಡೆ. ಆಮೇಲೆ, ನಮಗೆ ಬೆಂಚು ಹಾಕಿ ನೋಡುವವರು ಯಾರಿದ್ದಾರೆ, ಅದೂ ಇಲ್ಲ ಅನ್ನಿಸಿತು.

ನಾಲ್ಕು ಗಂಟೆ

ಸರಿಯಾಗಿ ನಾಲ್ಕಕ್ಕೆ ಹೋದೆವು. ಮೇಡಂ ನನ್ನ ಮೊಣಕೈಯ ಪಟ್ಟಿ ನೋಡಿ ಕುರ್ಚಿ ಎಳೆದು ಕೂರಿಸಿದರು. ಕ್ಲೇರ್ ಅಳುವ ಧ್ವನಿಯಲ್ಲಿ ತನ್ನದೇ ತಪ್ಪು ಎಂದು ಹೇಳುತ್ತಿದ್ದಳಂತೆ. ಪರೀಕ್ಷೆಯವನು ನೂಲಿನ ಗಂಟನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಹಾಗೇ ಇಟ್ಟ. ಅವರ ಯಂತ್ರಕ್ಕೆ ತುಂಡಾಗದ ಉದ್ದ ಎಳೆ ಬೇಕು. ಊರಿನಿಂದ ಬೇರೆ ತರಿಸಬಹುದೇ ಎಂದು ನಂಜುಂಡ ಕೇಳಿದ. ಖರೀದಿಯ ತೀರ್ಮಾನ ಆ ವಾರದ್ದೇ. ನೋಡದ ನೂಲನ್ನು ನಂಬಿ ಸಹಿ ಹಾಕುವ ಅಧಿಕಾರ ತನಗಿಲ್ಲ, ಮುಂದಿನ ವರ್ಷ ಬನ್ನಿ ಎಂದರು ಮೇಡಂ. ಮುಂದಿನ ವರ್ಷಕ್ಕೆ ನಾವು ಇರುವುದಿಲ್ಲ ಎಂಬುದನ್ನು ನಂಜುಂಡ ಇಂಗ್ಲಿಷಿಗೆ ತರಲಿಲ್ಲ. ನಾನೂ ಹೇಳು ಎನ್ನಲಿಲ್ಲ.

ವಾಪಸು ಬರುವಾಗ ವಿಮಾನದಲ್ಲಿ ಅವನಿಗೆ ಒಂದೇ ಮಾತು ಹೇಳಿದೆ.

‘ಅರಿಸ್ನದ್ ಇಚಾರ ಶೆಡ್ನಲ್ಲಿ ಬಾಯ್ ಬುಡ್ಬೇಡ ಕಣ್ಲಾ. ನಮ್ ಕೈಯಾರೆ ನಾವೇ ಕೆಡ್ಸ್‌ಕಂಡ್ವಲ್ಲ ಅಂತ ಸಾಯಗಂಟ ಕೊರುಗ್ತಾರೆ. ಬಿದ್ದೋನು ನಾನು. ತೆಪ್ಪು ನಂದೇ ಇರ್ಲಿ.’

‘ಆಯ್ತು ಬುಡಣ್ಣ’ ಎಂದ ನಂಜುಂಡ. ಇವತ್ತಿನವರೆಗೂ ಮಾತು ಉಳಿಸಿಕೊಂಡಿದ್ದಾನೆ.

ಶೆಡ್ಡಿನಲ್ಲಿ ಎಲ್ಲರೂ ಸುತ್ತ ಕೂತರು. ನಿಮ್ಮ ಲಡಿಗಳನ್ನೆಲ್ಲ ಅವರೇ ಇಟ್ಟುಕೊಂಡರು, ಬಹಳ ಚೆನ್ನಾಗಿದೆ ಅಂದರು, ಆರ್ಡರು ಬರೆಯುವ ಮುಂಚೆ ಯಂತ್ರದಲ್ಲಿ ನೋಡಲು ಇನ್ನೊಂದು ಬೇಕು ಅಂದರು, ಆ ನನ್ನ ಒಂದನ್ನು ನಾನು ಹೀಗೆ ಹಾಳು ಮಾಡಿಕೊಂಡೆ ಎಂದು ಎದ್ದು ನಿಂತು, ಕೈ ಮುಗಿದು ಬಗ್ಗಿ ತೋರಿಸಿದೆ. ಮೊದಲು ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ದೊಡ್ಡತಾಯವ್ವ ನಗಲಿಲ್ಲ. ಅವಳು ನನ್ನ ಮೊಣಕೈಯನ್ನೇ ನೋಡುತ್ತಿದ್ದಳು. ದಸರಾ ಆದ ವಾ​ರ ಶೆಡ್ಡಿಗೆ ಬೀಗ ಬಿತ್ತು.

ಗುಂಡ್ಲುಪೇಟೆ

ಮಾರನೆಯ ವರ್ಷ ಶ್ರಾವಣದಲ್ಲಿ ನಂಜುಂಡನನ್ನು ನೋಡಿಬರಲು ಗುಂಡ್ಲುಪೇಟೆಗೆ ಹೋಗಿದ್ದೆ. ಅವನ ಜೊತೆ ಬೆಟ್ಟಕ್ಕೂ ಹೋಗಿ ಬರುವಾಗ ದಾರಿಯ ಎರಡೂ ಕಡೆ ಚೆಂಡು ಹೂವಿನ ಹೊಲ. ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುವ ಹೂವು. ಕೇರಳದ ಕಾರುಗಳು ಸಾಲಾಗಿ ನಿಂತಿದ್ದವು, ಜನ ಇಳಿದು ಹೂವಿನ ನಡುವೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಬ್ಬಾತ ಹೂ ಬಿಡಿಸುತ್ತಿದ್ದ ಹೆಂಗಸರ ಕಡೆ ಕ್ಯಾಮೆರಾ ತಿರುಗಿಸಿದ. ಅವರಲ್ಲೊಬ್ಬಳು ತಲೆ ಎತ್ತಿದಳು. ದೊಡ್ಡತಾಯವ್ವ.

ಉಡಿಗಾಲದಿಂದ ಟೆಂಪೋದಲ್ಲಿ ಕರೆತಂದು ಸಂಜೆಗೆ ಬಿಡುತ್ತಾರಂತೆ. ಶೆಡ್ಡಿನ ಇನ್ನೂ ನಾಲ್ವರು ಇದೇ ಕೆಲಸಕ್ಕೆ ಬರುತ್ತಾರಂತೆ. ಉಳಿದವರ ಸುದ್ದಿ ಅವಳಿಗೂ ಗೊತ್ತಿರಲಿಲ್ಲ. ಬಿಸಿನೀರಿಗೆ ಬೆಳ್ಳಗಾಗಿದ್ದ ಅವಳ ಬೆರಳು ಈಗ ಉಗುರಿನ ಸಂದಿಯವರೆಗೂ ಹಳದಿ. ಮೊಣಕೈ ವಾಸಿಯಾಯಿತೇ ಎಂದು ಕೇಳಿದಳು. ಆಯಿತು ಎಂದೆ. ಆಮೇಲೆ ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದವಳಂತೆ ಹೇಳಿದಳು.

‘ಒಂದ್ ಮಾತ್ ಯೋಳ್ತೀನಿ ಮೇಸ್ತ್ರಣ್ಣ, ಬೇಜಾರ್ ಮಾಡ್ಕಬೇಡ. ನಮ್ ಇಪ್ಪತ್ತೆಲ್ಡು ಲಡೀಗೂ ಅರಿಸ್ನ ಇಕ್ಕಿದ್ವು. ಒಂದುಕ್ಕೂ ಏನೂ ಆಗ್ನಿಲ್ಲ, ಅವ್ರು ಒಪ್ಕಂಡ್ರು. ನಿಂದೊಂದ್ಕೆ ಇಕ್ಕಿರ್ನಿಲ್ಲ, ಅದೇ ಓಯ್ತು. ಅವತ್ತು ನೀನು ಕಂಕುಳ್ಗೆ ಸಿಗುಸ್ಕಂಡಾಗ ನಾನು ಕಿತ್ಕಂಡಾದ್ರೂ ಒಂದ್ ಚುಕ್ಕಿ ಇಕ್ಬುಡ್ಬೇಕಾಗಿತ್ತು. ಎಲ್ಲಾರ್ ಅನ್ನಾನೂ ನಾನೇ ಕಳುದ್‌ಬುಟ್ಟೆ.’

ನಂಜುಂಡ ಥಟ್ಟನೆ ಆಚೆ ತಿರುಗಿ ಹೊಲದ ಕಡೆ ನೋಡತೊಡಗಿದ. ಯಾರ ತಲೆಯ ಮೇಲೂ ಬೀಳದಿರಲಿ ಎಂದು ನಾನು ಅಷ್ಟು ಜೋಪಾನವಾಗಿ ಕಟ್ಟಿದ ಸುಳ್ಳು ಹುಡುಕಿಕೊಂಡು ಹೋಗಿ ಅವಳ ತಲೆಯ ಮೇಲೇ ಕೂತಿತ್ತು. ಅದನ್ನು ಇಳಿಸಬೇಕೆಂದರೆ ನಿಜ ಹೇಳಬೇಕು. ನಿಜ ಅದಕ್ಕಿಂತ ಭಾರ.

‘ಬೇಡ ಅಂದೋನು ನಾನಲ್ವಾ ಅವ್ವ. ನಿಂದೇನ್ ತೆಪ್ಪು ಅದ್ರಲ್ಲಿ’ ಎಂದೆ.

‘ನೀನು ಗಂಡ್ಸು, ಬೇಡ ಅಂತೀಯ. ಇಕ್ಕಾದು ನಮ್ ಕೆಲ್ಸ ಅಲ್ವಾ’ ಎಂದು, ಹಳದಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೂ ಬಿಡಿಸಲು ಬಗ್ಗಿದಳು.